ಎಡಮನೆಯ ಏದುಸಿರು

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಕಟ್ಟಿದವನು ನಮ್ಮೂರಿನವನಂತೂ ಅಲ್ಲ. ನಮ್ಮೂರಿನಲ್ಲಿ ಮಾಡುವವನೊಬ್ಬ, ಉಣ್ಣುವವನು ಅವನ ಎಡಮನೆಯವನು. ನಾನು ಹೇಳುತ್ತಿರುವುದು ಸುಸ್ತಿನ ಮಾತು. ನೀವು ನಿಮ್ಮ ಹಿತ್ತಿಲಲ್ಲಿ ಇಪ್ಪತ್ತು ಕೊಡ ನೀರು ಸೇದಿದರೂ ನಿಮಗೆ ಒಂದು ಹನಿ ಬೆವರು ಬರುವುದಿಲ್ಲ. ಬೀದಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವ ಮನೆಯ ಯಜಮಾನರು ಯಾರೋ, ಅವರು ಏದುಸಿರು ಬಿಡುತ್ತಾರೆ. ಅವರು ಮನೆಯಲ್ಲಿದ್ದರೆ ಮನೆಯಲ್ಲೇ, ಕ್ಷೌರದಂಗಡಿಯಲ್ಲಿದ್ದರೆ ಕ್ಷೌರದಂಗಡಿಯಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನೀವು ನಗಬಹುದು. ನಮಗೆ ಅದು ಅಭ್ಯಾಸವಾಗಿದೆ.

ಅಭ್ಯಾಸವೆಂದರೆ ಅದಕ್ಕೆ ತಕ್ಕ ಮರ್ಯಾದೆಯೂ ಇದೆ. ಭಾರದ ಕೆಲಸಕ್ಕೆ ಕೈಹಾಕುವ ಮುಂಚೆ ಗೋಡೆಯ ಹತ್ತಿರ ಹೋಗಿ "ಕೂತ್ಕೊಳ್ಳೀ..." ಎಂದು ಕೂಗಬೇಕು. ಎಡಮನೆಯವರು ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟು ಕೂರುತ್ತಾರೆ. ಹೊಸದಾಗಿ ಮದುವೆಯಾದವರು ಮಾತ್ರ ಕೂಗುವುದಿಲ್ಲ. ಅವರ ಎಡಮನೆಯ ತಾತ ಬೆಳಿಗ್ಗೆ ಎಂಟಾದರೂ ಏಳದಿದ್ದರೆ ಮನೆಯವರು ಅವನನ್ನು ಎಬ್ಬಿಸುವುದೂ ಇಲ್ಲ, ಏನು ಎತ್ತ ಎಂದು ಕೇಳುವುದೂ ಇಲ್ಲ. ಜಗಳವಾದರೆ ಬಾಯಿ ಮಾಡುವ ಶ್ರಮ ನಮಗಿಲ್ಲ. ಸುಮ್ಮನೆ ಒಳಗೆ ಹೋಗಿ ನೂರು ಬಸ್ಕಿ ಹೊಡೆದರೆ ಎಡಮನೆಯವರೇ ರಾಜಿಗೆ ಬರುತ್ತಾರೆ. ಬೀದಿಯಲ್ಲಿ ಮಾಡಿದ ಕೆಲಸದ ಸುಸ್ತು ಪಂಚಾಯಿತಿ ಅಧ್ಯಕ್ಷರಿಗೆ ಹೋಗುತ್ತದೆ. ನಮ್ಮೂರಿನ ರಸ್ತೆ ಏಕೆ ಹೀಗಿದೆ ಎಂದು ಹೊರಗಿನವರು ಕೇಳಿದಾಗ ನಾವು ಅಧ್ಯಕ್ಷರ ಆರೋಗ್ಯ ವಿಚಾರಿಸಿ ಮಾತು ಬದಲಿಸುತ್ತೇವೆ.

ಇಂಥ ಊರಿನಲ್ಲಿ ನಾನು, ಮುದ್ದುರಂಗ, ಜಿಮ್ಮು ತೆರೆದೆ. ಕೆಳಗೆ ನನ್ನ ಮನೆ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಮೇಲೆ ವಜ್ರಕಾಯ ಜಿಮ್. ಕಬ್ಬಿಣ ಇತ್ತು, ಕನ್ನಡಿ ಇತ್ತು, ಗೋಡೆಗೆ ತಗಲಿಸಿದ ಹನುಮಂತನ ಪಟವಿತ್ತು. ಇಲ್ಲದೆ ಇದ್ದದ್ದು ಒಂದೇ, ತರಬೇತುದಾರನ ಪ್ರಮಾಣಪತ್ರ. ಅದಕ್ಕೆ ಜಿಲ್ಲಾಕೇಂದ್ರದಿಂದ ಪರೀಕ್ಷಕರು ಬರುತ್ತಾರೆ, ಬಾಯಿಪಾಠ ಕೇಳುತ್ತಾರೆ, ಹನ್ನೆರಡು ವಾರ ನಾವು ತಯಾರು ಮಾಡಿದ ಒಬ್ಬ ಶಿಷ್ಯನನ್ನು ಅಳೆದು ನೋಡುತ್ತಾರೆ. ನಾನು ಎರಡು ಸಲ ಫೇಲಾಗಿದ್ದೆ. ಮೂರನೇ ಸಲವೂ ಫೇಲಾದರೆ ಜಿಮ್ಮಿಗೆ ಬೀಗ ಎಂದು ಪಂಚಾಯಿತಿಯಿಂದ ಕಾಗದ ಬಂದಿತ್ತು. ಮೂವತ್ತಾರು ವರ್ಷದಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಅದೂ ಹೋದರೆ ನಾನು ಯಾರು ಎಂದು ಯೋಚಿಸಿದಾಗಲೆಲ್ಲ ಪರೀಕ್ಷೆಯ ಕೈಪಿಡಿ ತೆಗೆದು ಕೂರುತ್ತಿದ್ದೆ.

ಪುಸ್ತಕವನ್ನೇನೋ ಅರೆದು ಕುಡಿದಿದ್ದೆ. ಆದರೆ ಆ ಕೈಪಿಡಿ ಬರೆದವರು ಹೊರಗಿನವರು. ಭಾರ ಎತ್ತುವವನಿಗೇ ಸುಸ್ತಾಗುತ್ತದೆ, ಅವನ ಸ್ನಾಯುವೇ ದಣಿದು, ಆಮೇಲೆ ವಿಶ್ರಾಂತಿಯಲ್ಲಿ ಬಲಿಯುತ್ತದೆ ಎಂದು ಅದರಲ್ಲಿತ್ತು. ಅಯ್ಯೋ ಪಾಪ, ಹೊರಗಿನವರ ಪಾಡು ಎಂದುಕೊಂಡು ನಾನು ಅದನ್ನು ನಮ್ಮೂರಿಗೆ ಹೊಂದಿಸಿ ಓದುತ್ತಿದ್ದೆ: ಸುಸ್ತು ಎಡಮನೆಗೆ, ಬಲ ನಮಗೆ. ಇದರಷ್ಟು ಒಳ್ಳೆಯ ವ್ಯವಸ್ಥೆ ಇನ್ನೆಲ್ಲಿದೆ? ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುವ ಆಳುಗಳು ಕಡ್ಡಿಗಳಂತಿದ್ದು, ಗಿರಣಿಯ ಎಡಮನೆಯ ಪುರೋಹಿತರು ಕಂಬದಂತಿದ್ದುದನ್ನು ಊರೆಲ್ಲ ನೋಡಿತ್ತು. ಅದು ಅವರ ಮನೆತನ ಅಂದುಕೊಂಡಿದ್ದೆವು.

ನನ್ನ ಎಡಮನೆಯ ಯಜಮಾನಿ ಸಾವಂತ್ರಮ್ಮ. ವಯಸ್ಸು ಅರವತ್ತೊಂದು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ಸೈರನ್ ಊದಿ ನಿವೃತ್ತರಾದವರು. ಒಂದು ನಿಮಿಷ ಹಿಂದೆಮುಂದೆ ಆಗದ ಹೆಂಗಸು; ಕೈಯಲ್ಲಿ ಸೆಕೆಂಡಿನ ಮುಳ್ಳಿರುವ ಗಂಡಸರ ವಾಚು. ಒಬ್ಬರೇ ಇದ್ದರು. ಜಿಮ್ಮು ತೆರೆದ ದಿನ ನಾನು ಒಬ್ಬಟ್ಟು ತೆಗೆದುಕೊಂಡು ಹೋದಾಗ ಅವರು ತಟ್ಟೆ ಇಸಿದುಕೊಂಡು, "ಇದನ್ನ ತಿಂದು ಜೀರ್ಣ ಮಾಡ್ಕೊಳ್ಳೋದಕ್ಕಾದರೂ ಉಸಿರು ಬಿಡ್ತೀಯಾ, ಇಲ್ಲಾ ಅದನ್ನೂ ಕಿತ್ಕೊಳ್ತೀಯಾ?" ಎಂದು ಕೇಳಿದ್ದರು.

ಅವರ ಎಡಮನೆಯವನು ಉಗ್ರಪ್ಪ. ಹೆಸರು ಕೇಳಿ ಹೆದರಬೇಡಿ. ತೋಳು ಹನ್ನೊಂದು ಇಂಚು, ಮಾತು ಅದಕ್ಕಿಂತ ಸಣ್ಣ. ಬೀಡಾ ಅಂಗಡಿ ಇಟ್ಟುಕೊಂಡು ಒಂಟಿಯಾಗಿದ್ದ. ಅವನಿಗೆ ನಿಶ್ಚಯವಾಗಿದ್ದ ಹುಡುಗಿ ಜಲಜಾಕ್ಷಿ ಅವನನ್ನು ನೋಡಿ, "ಇವರು ನನ್ನ ಎತ್ಕೊಂಡು ಹೊಸ್ತಿಲು ದಾಟ್ತಾರಾ, ನಾನೇ ಇವರನ್ನ ಎತ್ಕೊಳ್ಳಬೇಕಾ?" ಎಂದಿದ್ದಳಂತೆ. ಮದುವೆ ಆರು ತಿಂಗಳು ಮುಂದಕ್ಕೆ ಹೋಗಿತ್ತು. ಅವನು ನನ್ನ ಕಾಲು ಹಿಡಿದ, ನಾನು ಅವನನ್ನೇ ಪರೀಕ್ಷೆಯ ಶಿಷ್ಯನನ್ನಾಗಿ ಹಿಡಿದೆ.

ನನ್ನ ಯೋಜನೆ ಸರಳ. ದಿನಾ ಎತ್ತಿಸು, ದಿನಾ ಹೆಚ್ಚಿಸು, ಬಿಡುವು ಬೇಡ. ಎತ್ತುವವನಿಗೆ ಸುಸ್ತೇ ಇಲ್ಲದ ಮೇಲೆ ಬಿಡುವು ಯಾತಕ್ಕೆ? ಆದರೆ ಸಾವಂತ್ರಮ್ಮ ಬಿಡಬೇಕಲ್ಲ. ಲಟ್ಟಣಿಗೆ ತೆಗೆದುಕೊಂಡು ಗೋಡೆ ಬಡಿಯುತ್ತಿದ್ದರು. ಒಂದು ಸಲ ಬಡಿದರೆ ಭಾರ ಇಳಿಸು ಎಂದು, ಎರಡು ಸಲ ಬಡಿದರೆ ನಿಲ್ಲಿಸು ಎಂದು. ಮಂಗಳವಾರ ಶುಕ್ರವಾರ ಅವರಿಗೆ ಉಪವಾಸ. "ಹಸಿದ ಹೊಟ್ಟೇಲಿ ನಿನ್ನ ಕಬ್ಬಿಣ ಹೊರೋಕೆ ನಾನೇನು ಹೇಸರಗತ್ತೆಯಾ? ಆ ಎರಡು ದಿನ ಯಾವನಾದರೂ ಕಡ್ಡಿ ಎತ್ತಿದರೂ ಬಂದು ಮೆಟ್ಟಿಲು ಕಿತ್ತುಹಾಕ್ತೀನಿ" ಎಂದು ಬೀದಿಯಲ್ಲೇ ಹೇಳಿದ್ದರು. ಎತ್ತುವುದಕ್ಕೆ ಮುಂಚೆ ಹತ್ತು ನಿಮಿಷ ಸುಮ್ಮನೆ ಕೈಕಾಲು ಆಡಿಸಬೇಕು, ಇಲ್ಲದಿದ್ದರೆ ತಮ್ಮ ಭುಜ ಹಿಡಿದುಕೊಳ್ಳುತ್ತದೆ ಎಂಬುದೂ ಅವರದೇ ಹುಕುಂ. ನಾನು ಹಲ್ಲು ಕಡಿದುಕೊಂಡು ಎಲ್ಲಕ್ಕೂ ಒಪ್ಪಿದೆ. ಮುದುಕಿ ನನ್ನ ಯೋಜನೆಯನ್ನು ಹಾಳುಮಾಡುತ್ತಿದ್ದಾಳೆ ಎಂದು ದಿನಕ್ಕೊಮ್ಮೆ ಶಪಿಸುತ್ತಿದ್ದೆ. ಮೇಲಾಗಿ ಅವರು ಸುಸ್ತಿನ ನೆಪದಲ್ಲಿ ಮನೆಗೆಲಸವನ್ನೂ ಬಿಟ್ಟಿದ್ದರು. ಕಸ ಗುಡಿಸುವುದು ಎರಡು ದಿನಕ್ಕೊಮ್ಮೆ. ಹಾಗಾಗಿ ಎಡಮನೆಯ ಉಗ್ರಪ್ಪನಿಗೆ ಮೊದಲು ಸಿಗುತ್ತಿದ್ದ ಅಷ್ಟಿಷ್ಟು ಸುಸ್ತೂ ನಿಂತುಹೋಗಿತ್ತು. ಒಳ್ಳೆಯದಾಯಿತು, ಹುಡುಗ ಹಾಯಾಗಿರಲಿ ಎಂದುಕೊಂಡಿದ್ದೆ ನಾನು.

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಿಣಿ ಮಾಸ್ತರು ಬಂದರು. ಕರಾವಳಿ ಕಡೆಯವರು, ನೂರು ಕೆಜಿಯ ಆಳು, ಕೈಯಲ್ಲಿ ಫೈಲು. ಇಪ್ಪತ್ತೆರಡು ಮೆಟ್ಟಿಲನ್ನು ದಡದಡ ಹತ್ತಿ ಬಂದು ಬಾಗಿಲಲ್ಲಿ ನಿಂತು ಅಚ್ಚರಿಪಟ್ಟರು. "ಅಲ್ಲ ಮಾರಾಯ್ರೆ, ನಮ್ಮ ಆಫೀಸಿನ ಎಂಟು ಮೆಟ್ಟಿಲಿಗೇ ನನಗೆ ಉಸಿರು ಬಿಡ್ಲಿಕ್ಕೆ ಆಗೂದಿಲ್ಲ. ನಿಮ್ಮೂರಿನ ಗಾಳಿ ಭಾರೀ ಚೆಂದ ಉಂಟು!"

ಮೊದಲು ಬಾಯಿಪಾಠ. ಭಾರ ಎತ್ತುವಾಗ ಮೈಯಲ್ಲಿ ಏನಾಗುತ್ತದೆ ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಒಪ್ಪಿಸಿದೆ: ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕು, ಅದಕ್ಕಾಗಿ ಉಸಿರು ಹೆಚ್ಚುತ್ತದೆ, ರಕ್ತ ತಳ್ಳಲು ಎದೆ ಬೇಗ ಬಡಿಯುತ್ತದೆ, ಪಳಗಿದ ಎದೆ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದರಿಂದ ಸುಮ್ಮನೆ ಕೂತಾಗ ನಿಧಾನವಾಗಿರುತ್ತದೆ.

"ಅದು ಪುಸ್ತಕದ್ದು. ಹತ್ತನೇ ಸಲ ಎತ್ತುವಾಗ ನಿಮಗೆ ಹೇಗೆ ಆಗ್ತದೆ, ಅದು ಹೇಳಿ."

"ಏನೂ ಆಗಲ್ಲ ಸಾರ್."

"ಏನೂ ಆಗಲ್ಲವಾ? ಜೀವನದಲ್ಲಿ ಒಮ್ಮೆಯಾದರೂ ಸುಸ್ತಾಗಿದ್ದುಂಟಾ ನಿಮಗೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನನ್ನ ಬಲಗಡೆ ಇರುವುದು ವಾಚನಾಲಯ. ಅಲ್ಲಿ ನಾಲ್ಕು ಜನ ಹಿರಿಯರು ಪೇಪರು ಓದುತ್ತಾರೆ. ಪುಟ ತಿರುಗಿಸುವುದೇ ಅಲ್ಲಿ ನಡೆಯುವ ದೊಡ್ಡ ದುಡಿಮೆ. ಯಾರಾದರೂ ಜೋರಾಗಿ ಆಕಳಿಸಿದರೆ ನನಗೆ ಸ್ವಲ್ಪ ದವಡೆ ನೋಯುತ್ತಿತ್ತು, ಅಷ್ಟೆ. ಇಲ್ಲ ಎಂದು ತಲೆಯಾಡಿಸಿದೆ. ಕಿಣಿ ಮಾಸ್ತರು ಫೈಲಿನಲ್ಲಿ ಏನೋ ಬರೆದರು. ಬರೆದದ್ದು ಒಳ್ಳೆಯದಲ್ಲ ಎಂದು ಪೆನ್ನಿನ ಓಟದಲ್ಲೇ ಗೊತ್ತಾಯಿತು.

ಆಮೇಲೆ ಉಗ್ರಪ್ಪನ ಅಳತೆ. ತೋಳಿಗೆ ಟೇಪು ಸುತ್ತಿದರು, ಹನ್ನೊಂದು ಇಂಚಿಗೆ ಒಂದು ನೂಲು ಕಡಿಮೆಯೇ ಬಂತು. ಕೂತಾಗ ನಾಡಿ ಎಂಬತ್ತನಾಲ್ಕು. ಅಡಿ ಎತ್ತರದ ಹಲಗೆ ಇಟ್ಟು ಮೂರು ನಿಮಿಷ ಹತ್ತು, ಇಳಿ ಎಂದರು. ಉಗ್ರಪ್ಪ ಹತ್ತಿದ, ಇಳಿದ. ಮುಗಿದ ಮೇಲೆ ನಾಡಿ ನೋಡಿದರೆ ಎಂಬತ್ತನಾಲ್ಕು. ಕಿಣಿ ಮಾಸ್ತರು ವಾಚು ಕಿವಿಗಿಟ್ಟುಕೊಂಡು ಅಲ್ಲಾಡಿಸಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಸಾವಂತ್ರಮ್ಮ ಒಳಗೆ ಬಂದರು. ದಾರಿಗೆ ಅಡ್ಡವಾಗಿ ಕಬ್ಬಿಣದ ಸರಳು ಬಿದ್ದಿತ್ತು, ಎರಡು ಕಡೆ ತಟ್ಟೆ ಸೇರಿ ಅರವತ್ತು ಕೆಜಿ. ಅವರು ಒಂದು ತುದಿ ಹಿಡಿದು ಪೊರಕೆ ಸರಿಸಿದಂತೆ ಅದನ್ನು ಪಕ್ಕಕ್ಕೆ ಸರಿಸಿದರು. ಕೋಪದಲ್ಲಿದ್ದರು, ಅವರಿಗೆ ಅದರ ಗಮನವೇ ಇರಲಿಲ್ಲ.

"ಏನಯ್ಯಾ ಮುದ್ದುರಂಗ! ಹನ್ನೊಂದು ಗಂಟೇಗೆ ಯಾರದಯ್ಯಾ ಈ ಹೊಸ ಉಸಿರು? ಉಗ್ರಪ್ಪಂದಲ್ಲ. ತುಪ್ಪ ತಿಂದು ಬೆಳೆದ ಮೈ, ಮಂಡಿ ಕಟಕಟ ಅಂತಾವೆ. ಅವನನ್ನೂ ಸೇರಿಸ್ಕೊಂಡ್ಯಾ?"

ಕಿಣಿ ಮಾಸ್ತರು ತಮ್ಮ ಮಂಡಿ ಮುಟ್ಟಿ ನೋಡಿಕೊಂಡರು.

"ನೀವು ದೊಡ್ಡ ಆಫೀಸರ್ ಅಂತೆ," ಎಂದು ಸಾವಂತ್ರಮ್ಮ ಅವರ ಕಡೆ ತಿರುಗಿದರು. "ಪಂಚಾಯಿತಿಗೆ ಕೊಡೋಣ ಅಂತ ಬರೆದಿಟ್ಟಿದ್ದೆ. ನಿಮಗೇ ಕೊಡ್ತೀನಿ. ಹನ್ನೆರಡು ವಾರ ಈ ಮಹಾನುಭಾವ ನನಗೆ ಕೊಟ್ಟ ಹಿಂಸೆ ಒಂದು ದಿನ ಬಿಡದೆ ಇದರಲ್ಲಿದೆ. ಓದಿ, ಬೀಗ ಹಾಕ್ಸಿ."

ಇನ್ನೂರು ಪುಟದ ನೋಟ್‌ಬುಕ್ಕು. ನನ್ನ ಕಾಲು ನಡುಗಿತು. ಅದು ಸುಸ್ತಿನಿಂದಲ್ಲ, ಭಯದಿಂದ. ಭಯ ನಮ್ಮೂರಿನಲ್ಲೂ ಅವರವರದೇ. ಕಿಣಿ ಮಾಸ್ತರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

"ಒಂದನೇ ದಿನ. ಎದ್ದಾಗ ನಾಡಿ ತೊಂಬತ್ತು. ಆರು ಹತ್ತಕ್ಕೆ ಶುರು. ಎಂಟು ಸಲ ಎತ್ತಿದ. ದೇವರನಾಮ ಹಾಡಲು ಉಸಿರಿಲ್ಲ, ಬೈಯಲು ಇದೆ. ಮೂರನೇ ದಿನ. ಎತ್ತಿದ ದಿನ ತೆಪ್ಪಗಿದ್ದ ತೋಳು ಈಗ ನೋಯುತ್ತಿದೆ. ತಡವಾಗಿ ಬರುವುದೇ ಈ ನೋವಿನ ಜಾತಿ. ಹತ್ತನೇ ದಿನ. ಒಮ್ಮೆಲೇ ಭಾರ ಹೆಚ್ಚಿಸಿದ. ಬೈಯಲೂ ಉಸಿರಿಲ್ಲ. ಎರಡು ಸಲ ಗೋಡೆ ಬಡಿದೆ. ಹನ್ನೊಂದನೇ ದಿನ ಸ್ವಲ್ಪವೇ ಹೆಚ್ಚಿಸಿದ. ಇದು ಪರವಾಗಿಲ್ಲ."

ಅವರು ಓದುವುದು ನಿಲ್ಲಿಸಿ ಒಮ್ಮೆ ಸಾವಂತ್ರಮ್ಮನನ್ನು ನೋಡಿದರು. ಕೂತುಕೊಂಡರು. ಮತ್ತೆ ಓದಿದರು.

"ನಲವತ್ತನೇ ದಿನ. ನಾಡಿ ಎಪ್ಪತ್ತಾರು. ಚೆನ್ನಾಗಿ ನಿದ್ದೆ ಬಂದರೆ ಮಾರನೇ ದಿನ ಅದೇ ಭಾರ ಹಗುರ. ಕಡಲೆಬೀಜ, ಹೆಸರುಕಾಳು, ಮೊಸರು ತಿಂದರೆ ನೋವು ಬೇಗ ಹೋಗುತ್ತದೆ. ಉಪವಾಸದ ಮಾರನೇ ದಿನ ಬಲ ಹೆಚ್ಚು. ಅದು ದೇವರ ದಯೆಯೋ, ಕಬ್ಬಿಣ ಮುಟ್ಟದೆ ಇದ್ದುದಕ್ಕೋ ತಿಳಿಯದು. ಎಪ್ಪತ್ತನೇ ದಿನ. ನಾಡಿ ಅರವತ್ತಾರು. ಎಂಟು ಸಲ ಸಾಲದು ಅನ್ನಿಸಿತು. ಗೋಡೆ ಬಡಿಯಲಿಲ್ಲ. ಇದೂ ಒಂದು ಹಿಂಸೆ."

ನಾನು ಸಾವಂತ್ರಮ್ಮನ ತೋಳು ನೋಡಿದೆ. ಹನ್ನೆರಡು ವಾರದಲ್ಲಿ ನಾನು ಆ ಕಡೆ ಕಣ್ಣೆತ್ತಿ ನೋಡಿರಲೇ ಇಲ್ಲ. ರವಿಕೆಯ ತೋಳಿನ ಹೊಲಿಗೆ ಬಿಚ್ಚಿ ಬೇರೆ ಬಟ್ಟೆ ಕೊಟ್ಟು ಹೊಲಿದಿದ್ದರು. ಕಂಬದಂತಿದ್ದ ಪುರೋಹಿತರು ಕಣ್ಣ ಮುಂದೆ ಬಂದರು. ಸುಸ್ತು ಹೋದ ಕಡೆಗೇ ಬಲವೂ ಹೋಗುತ್ತದೆ! ಪುಸ್ತಕದಲ್ಲಿ ಅದು ಮೊದಲನೇ ಪುಟದಲ್ಲೇ ಇತ್ತು. ಓದಿ, ಗೆರೆ ಎಳೆದು, ನಾನೇ ಅದನ್ನು ತಿರುಚಿಕೊಂಡಿದ್ದೆ.

ಕಿಣಿ ಮಾಸ್ತರಿಗೂ ಅಷ್ಟರಲ್ಲಿ ನಮ್ಮೂರು ಅರ್ಥವಾಗಿತ್ತು. ಸರ್ಕಾರಿ ಮನುಷ್ಯ, ಯಾವುದಕ್ಕೂ ಬೆರಗಾಗದೆ ಅದಕ್ಕೊಂದು ಕಾಲಂ ಹುಡುಕುವವರು. ಸಾವಂತ್ರಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದರು. ನಾಡಿ ಅರವತ್ತೆರಡು. ಉಗ್ರಪ್ಪನಿಗೆ ಹಲಗೆ ಹತ್ತಲು ಹೇಳಿದರು. ಅವನು ಇಲ್ಲಿ ಹತ್ತಿ ಇಳಿಯುತ್ತಿದ್ದರೆ ಅವರು ಅಲ್ಲಿ ಕೂತು ಉಸಿರು ಬಿಡುತ್ತಾ, "ಕಾಲು ಸರಿಯಾಗಿ ಊರೋ, ನನ್ನ ಮೊಣಕಾಲು ತಿರುಚುತ್ತೆ" ಎಂದು ಬೈಯುತ್ತಿದ್ದರು. ಮೂರು ನಿಮಿಷಕ್ಕೆ ನಾಡಿ ನೂರಾ ನಾಲ್ಕು. ಒಂದೇ ನಿಮಿಷ ಬಿಟ್ಟು ನೋಡಿದರೆ ಎಪ್ಪತ್ತು.

"ಇಪ್ಪತ್ತೈದರ ಹುಡುಗರದ್ದೂ ಇಷ್ಟು ಬೇಗ ಇಳಿಯೂದಿಲ್ಲ," ಎಂದರು ಕಿಣಿ ಮಾಸ್ತರು.

ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ನಾಚಿಕೆ ಬಿಟ್ಟು ಮುಂದೆ ಬಂದೆ. "ಸಾರ್, ಹಾಗಾದರೆ ನನ್ನ ಶಿಷ್ಯೆ ಇವರೇ. ತರಬೇತಿ ಕೊಟ್ಟವನು ನಾನೇ."

"ನೀನಾ?" ಸಾವಂತ್ರಮ್ಮ ಎದ್ದು ನಿಂತರು. "ಭಾರ ಇಳಿಸು ಅಂದೋಳು ನಾನು, ನಿಲ್ಸು ಅಂದೋಳು ನಾನು, ವಾರಕ್ಕೆ ಎರಡು ದಿನ ಬಿಡುವು ಕೊಡಿಸ್ಕೊಂಡೋಳು ನಾನು. ನೀನು ಏನು ಮಾಡ್ದೆ? ಕನ್ನಡಿ ಮುಂದೆ ನಿಂತು ತಲೆ ಬಾಚ್ಕೊಂಡೆ."

ಅದು ನಿಜವಾಗಿತ್ತು. ಕಿಣಿ ಮಾಸ್ತರು ಫೈಲಿನಿಂದ ಖಾಲಿ ಅರ್ಜಿಯೊಂದನ್ನು ತೆಗೆದರು. "ಅಮ್ಮ, ಎಷ್ಟು ಭಾರ, ಎಷ್ಟು ಬಿಡುವು, ಎಂತ ಊಟ, ನಾಡಿ ಎಷ್ಟು, ಇದನ್ನೆಲ್ಲ ನೋಡಿ ದಿನದಿನದ ಲೆಕ್ಕ ಬರೆಯುವವರಿಗೇ ತರಬೇತುದಾರ ಅಂತ ಹೇಳೂದು. ಹೆಸರು ಹೇಳಿ."

"ನಾನು ದೂರು ಕೊಡೋಕೆ ಬಂದೋಳು ಸ್ವಾಮಿ. ಬೀಗ ಹಾಕ್ಸಿ ಅಂದೆ."

"ಹಾಕಿಸಬಹುದು. ಮೂರು ಸಲ ಫೇಲ್ ಆದವರು ಇಲ್ಲೇ ಇದ್ದಾರೆ. ಆದರೆ ಎತ್ತೂದು ನಿಂತರೆ ನಿಮಗೆ ಬರೂದೂ ನಿಲ್ತದೆ. ಕೆಲವೇ ವಾರದಲ್ಲಿ ಈ ತೋಳು ಇಳೀಲಿಕ್ಕೆ ಶುರು ಆಗ್ತದೆ, ನಾಡಿ ಮೊದಲಿನ ಹಾಗೆ ಏರ್ತದೆ."

ಸಾವಂತ್ರಮ್ಮ ಕನ್ನಡಿಯ ಕಡೆ ತಿರುಗಿದರು. ಬಲಗೈ ಮಡಚಿದರು. ಮಡಚಿದ್ದು ಸಾಲದೆಂದು ಮುಷ್ಟಿಯನ್ನೂ ಬಿಗಿದರು. ಹೋದ ವಾರ ತುಂಬಿದ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಒಳಗಿಟ್ಟಾಗ ಗ್ಯಾಸಿನವನು ಕೈಮುಗಿದು ಹೋದನೆಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ, "ಸಾವಂತ್ರಮ್ಮ ಅಂತ ಬರ್ಕೊಳ್ಳಿ. ಸಾವಿತ್ರಮ್ಮ ಅಲ್ಲ," ಎಂದರು.

ಹೀಗೆ ಜಿಮ್ಮು ಉಳಿಯಿತು, ನಾನು ಫೇಲಾದೆ. ಸಂತೋಷವೋ ದುಃಖವೋ ಗೊತ್ತಾಗದೆ ಹನುಮಂತನ ಪಟದ ಕೆಳಗೆ ಕೂತುಬಿಟ್ಟೆ. ಉಗ್ರಪ್ಪ ಮೂಲೆಯಲ್ಲಿ, "ನನ್ನ ಮದುವೆ ಗತಿ?" ಎಂದು ಅಳುವ ದನಿಯಲ್ಲಿ ಕೇಳಿದ. "ನೀನು ಬೀಡಾ ಮಡಚ್ಕೊಂಡು ಕೂತಿರು," ಎಂದರು ಹೊಸ ತರಬೇತುದಾರರು. "ಜಿಮ್ಮಲ್ಲಿ ಮುದ್ದುರಂಗ ಎತ್ತಲಿ, ನನಗೆ ಬರುತ್ತೆ. ನಾಳೆಯಿಂದ ನಾನು ನಮ್ಮನೇಲಿ ಎತ್ತೀನಿ, ನಿನಗೆ ಬರುತ್ತೆ. ಮೊಟ್ಟೆ ತಿನ್ನು, ಒಂಬತ್ತಕ್ಕೆ ಮಲಗು." ಈ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಹಿಟ್ಟಿನ ಗಿರಣಿಯ ಆಳುಗಳು ಬೀಡಿ ಸೇದುತ್ತಾ ಅಂದು ಒಂದೂ ಮೂಟೆ ಎತ್ತಲಿಲ್ಲವಂತೆ. ಪುರೋಹಿತರೇ ಗಿರಣಿಗೆ ಹೋಗಿ, "ಯಾಕ್ರಪ್ಪಾ ಸುಮ್ಮನೆ ಕೂತಿದ್ದೀರಿ?" ಎಂದು ಗೋಗರೆದರಂತೆ.

ಮಾರನೇ ಬೆಳಿಗ್ಗೆ ಸಾವಂತ್ರಮ್ಮ ನಮ್ಮ ಮನೆಯ ಮುಂದೆ ನಿಂತು, "ಪಡಸಾಲೇಲಿ ನಿಂತಿರು. ನಿನ್ನ ಪಾಠ ಇವತ್ತು ಶುರು," ಎಂದು ಹೇಳಿ ಬಲಗಡೆಯ ವಾಚನಾಲಯಕ್ಕೆ ಹೋದರು. ನಾಲ್ಕು ಜನ ಹಿರಿಯರು ಪೇಪರು ಸಮೇತ ಹೊರಗೆ ಬಂದು ಜಗಲಿಯ ಮೇಲೆ ಕೂತರು. ನಾನು ಸುಮ್ಮನೆ ನಿಂತಿದ್ದೆ. ಒಳಗೆ ಅವರು ಬಸ್ಕಿ ಹೊಡೆಯಲು ಶುರುಮಾಡಿದರೆಂದು ಕಾಣುತ್ತದೆ. ಹತ್ತಕ್ಕೆ ನನಗೆ ತೊಡೆ ಬಿಸಿಯಾಯಿತು. ಇಪ್ಪತ್ತಕ್ಕೆ ಎದೆಯೊಳಗೆ ಯಾರೋ ಬಾಗಿಲು ತಟ್ಟುತ್ತಿರುವಂತಾಯಿತು. ಬಾಯಿ ಒಣಗಿತು, ಕಿವಿಯಲ್ಲಿ ಗುಂಯ್ ಎಂದಿತು, ಎಷ್ಟು ಎಳೆದುಕೊಂಡರೂ ಗಾಳಿ ಸಾಲದು. ಹಣೆಯಿಂದ ಏನೋ ಇಳಿದು ತುಟಿಗೆ ಬಂತು, ಉಪ್ಪಗಿತ್ತು. ನನ್ನ ಸ್ವಂತ ಬೆವರನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತಕ್ಕೆ ಕಾಲು ನನ್ನ ಮಾತು ಕೇಳದೆ ನೆಲಕ್ಕೆ ಕೂತವು.

ಇದನ್ನು ಒಬ್ಬರೇ ಹೆಂಗಸು, ಅರವತ್ತೊಂದರ ವಯಸ್ಸಿನಲ್ಲಿ, ವಾರಕ್ಕೆ ಐದು ದಿನ ಗೋಡೆಯ ಆಚೆ ಕೂತು ನುಂಗಿದ್ದರು. ಈಚೆ ನಾನು ಅವರು ಗೋಡೆ ಬಡಿದಾಗಲೆಲ್ಲ ಶಾಪ ಹಾಕಿದ್ದೆ. ನನಗೆ ನಾಚಿಕೆಯಾಯಿತು, ಹೇಳಿಕೊಳ್ಳಲಾಗದಷ್ಟು. ಅಂಬೆಗಾಲಿಟ್ಟುಕೊಂಡು ಹೊರಗೆ ಬಂದು, ಜಗಲಿಯ ಹಿರಿಯರನ್ನು ದಾಟಿ, ವಾಚನಾಲಯದ ಹೊಸ್ತಿಲಿಗೆ ಮುಟ್ಟಿದೆ. ಸಾವಂತ್ರಮ್ಮ ಒಂದು ಕೂದಲೂ ಕೆದರದೆ ನಿಂತಿದ್ದರು. ಹೇಳಬೇಕಾದ ಮಾತು ಒಂದೇ ಇತ್ತು. ಬಾಯಿ ತೆರೆದೆ, ಉಸಿರು ಬಂತೇ ಹೊರತು ಮಾತು ಬರಲಿಲ್ಲ.

"ಮಾತಾಡೋಕಾಗ್ತಿಲ್ವಾ? ಹಾಗಾದರೆ ಜಾಸ್ತಿ ಆಯ್ತು. ನಾಳೆ ಇಪ್ಪತ್ತೇ." ನನ್ನ ಮಣಿಕಟ್ಟು ಹಿಡಿದು ವಾಚು ನೋಡುತ್ತಾ ನಾಡಿ ಎಣಿಸಿದರು, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರು. "ಒಂದು ನಿಮಿಷ ತಡಿ, ಬರುತ್ತೆ."

ಒಂದು ನಿಮಿಷವಾದ ಮೇಲೆ ಬಂತು. "ತಪ್ಪಾಯ್ತು ಸಾವಂತ್ರಮ್ಮ," ಎಂದೆ.

ಅವರು ನನ್ನ ಮುಖ ನೋಡಿದರು, ವಾಚು ನೋಡಿದರು, ಅದನ್ನೂ ಬರೆದುಕೊಂಡರು.